ಟ್ಯಾಬ್ ಬದಲಾಯಿತು, ಪುಟ ಬದಲಾಗಲಿಲ್ಲ!

ಜಗಳೂರು ಕಡೆಯ ಹೊಲದ ಪಹಣಿ ಒಂದು ಟ್ಯಾಬಿನಲ್ಲಿ, ಅದರ ಇಸಿ (ಋಣಭಾರ ಪ್ರಮಾಣಪತ್ರ) ಇನ್ನೊಂದರಲ್ಲಿ, ಹಳೇ ಕ್ರಯಪತ್ರದ ಸ್ಕ್ಯಾನ್ ಮತ್ತೊಂದರಲ್ಲಿ, ಎಲ್ಲವೂ ಪಿಡಿಎಫ್ ಫೈಲುಗಳು. ದಾವಣಗೆರೆಯ ವಕೀಲರ ಕಚೇರಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ದಿನವಿಡೀ ನಡೆಯುವ ಕೆಲಸ ಇದೇ. ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವುದು, ಸರ್ವೆ ನಂಬರ್ ತಾಳೆ ನೋಡುವುದು. ಆಗಲೇ ಕೆಲವೊಮ್ಮೆ ಪರದೆ ಕೈ ಕೊಡುತ್ತದೆ. ಟ್ಯಾಬಿನ ಮೇಲೆ ಇಸಿ ಅಂತಿರುತ್ತದೆ, ಕೆಳಗೆ ಕಾಣುವುದು ಪಹಣಿ! ಇಲ್ಲವೇ ಅರ್ಧ ಪುಟ ಹೊಸದು, ಅರ್ಧ ಹಳೇದು. ಇಲ್ಲವೇ ಬರೀ ಬಿಳಿ ಹಾಳೆ, ಕಪ್ಪು ಚೌಕಗಳು.

ಬಿಳಿ ಹಾಳೆ ಬಂದರೆ ಅಷ್ಟು ಭಯವಿಲ್ಲ. ಏನೋ ಕೆಟ್ಟಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಹಳೇ ಪುಟ ಹಾಗೇ ಉಳಿದುಕೊಂಡಾಗಲೇ ಎಡವಟ್ಟು. 2 ಎಕರೆ 10 ಗುಂಟೆ ಯಾವ ಕಾಗದದಲ್ಲಿತ್ತು ಅನ್ನುವುದೇ ಅದಲುಬದಲಾದರೆ ಏನು ಗತಿ?

ಮೊದಲು ಜೂಮ್ ಮಾಡಿ ನೋಡಿ

ಯಾವ ಸೆಟ್ಟಿಂಗ್‌ಗೂ ಕೈ ಹಾಕುವ ಮುಂಚೆ ಕಂಟ್ರೋಲ್ ಕೀ ಒತ್ತಿ ಹಿಡಿದು ಪ್ಲಸ್ ಒತ್ತಿ, ಆಮೇಲೆ ಮೈನಸ್ ಒತ್ತಿ. ಇಲ್ಲವೇ ಮುಂದಿನ ಪುಟಕ್ಕೆ ಹೋಗಿ ವಾಪಸ್ ಬನ್ನಿ. ಪುಟ ಸರಿಹೋಯಿತಾ? ಹಾಗಾದರೆ ಫೈಲ್ ಚೆನ್ನಾಗಿಯೇ ಇದೆ. ಅದನ್ನು ಪರದೆಯ ಮೇಲೆ ಬಿಡಿಸುವ ಕಡೆ ತೊಂದರೆ. ಪಹಣಿಗೆ ಮತ್ತೆ ದುಡ್ಡು ಕಟ್ಟಿ ಇಳಿಸಿಕೊಳ್ಳುವುದು ಬೇಕಿಲ್ಲ.

ಜೂಮ್ ಮಾಡಿದರೂ ಸರಿಹೋಗದಿದ್ದರೆ ಅದೇ ಫೈಲನ್ನು ಪಿಡಿಎಫ್ ತೋರಿಸುವ ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಅಡೋಬಿ ರೀಡರ್‌ನಲ್ಲಿ ನೋಡುತ್ತಿದ್ದರೆ, ಫೈಲನ್ನು ಎಳೆದು ಕ್ರೋಮ್ ಕಿಟಕಿಯಲ್ಲಿ ಬಿಡಿ. ಅಲ್ಲೂ ಹಾಗೇ ಕಂಡರೆ ಮಾತ್ರ ಫೈಲಿನ ಮೇಲೆ ಅನುಮಾನ ಪಡಬೇಕು.

ಯಾಕೆ ಹೀಗಾಗುತ್ತದೆ?

ಪಿಡಿಎಫ್ ಅನ್ನುವುದು ಫೋಟೋ ಅಲ್ಲ. ಈ ಅಕ್ಷರ ಇಲ್ಲಿ ಬರಲಿ, ಈ ಗೆರೆ ಅಲ್ಲಿ ಬರಲಿ ಎಂಬ ಸೂಚನೆಗಳ ಪಟ್ಟಿ. ಅದನ್ನು ಓದಿ ಚಿತ್ರ ಬಿಡಿಸುವುದು ರೀಡರ್ ಕೆಲಸ. ಪ್ರತಿ ಸಲ ಹೊಸದಾಗಿ ಬಿಡಿಸಿದರೆ ತಡವಾಗುತ್ತದೆ, ಅಲ್ವಾ? ಅದಕ್ಕೆ ಒಮ್ಮೆ ಬಿಡಿಸಿದ ಪುಟವನ್ನು ಅದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಬಿಡಿಸುವ ಕೆಲಸದಲ್ಲಿ ಒಂದಷ್ಟನ್ನು ಗ್ರಾಫಿಕ್ಸ್ ಚಿಪ್‌ಗೂ ಹಂಚುತ್ತದೆ. ನೀವು ಟ್ಯಾಬ್ ಬದಲಿಸಿದಾಗ 'ಹಳೇದು ತೆಗೆ, ಹೊಸದು ಹಾಕು' ಎಂಬ ಸಂದೇಶ ಇವರೆಲ್ಲರಿಗೂ ಸರಿಯಾಗಿ ತಲುಪಬೇಕು. ಆ ಚಿಪ್ ನಡೆಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಹಳೇದಾಗಿದ್ದರೆ, ಇಲ್ಲವೇ ಮೆಮೊರಿ ತುಂಬಿದ್ದರೆ, ನಡುವೆ ಎಲ್ಲೋ ಆ ಸಂದೇಶ ತಪ್ಪಿಹೋಗುತ್ತದೆ. ಒರೆಸದ ಸ್ಲೇಟಿನ ಹಾಗೆ ಹಳೇ ಅಕ್ಷರ ಅಲ್ಲೇ ಕೂತಿರುತ್ತದೆ.

ಸರಿಪಡಿಸುವುದು ಹೀಗೆ

ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿದರೆ ಪ್ರಿಫರೆನ್ಸಸ್ ತೆರೆದುಕೊಳ್ಳುತ್ತದೆ. ಹೊಸ ಆವೃತ್ತಿಗಳಲ್ಲಿ ಮೆನು ಜಾಗ ಬದಲಾಗುತ್ತಲೇ ಇರುವುದರಿಂದ ಈ ಶಾರ್ಟ್‌ಕಟ್ ನೆನಪಿಟ್ಟುಕೊಳ್ಳುವುದೇ ಸಲೀಸು. ಎಡಗಡೆ ಪಟ್ಟಿಯಲ್ಲಿ ಪೇಜ್ ಡಿಸ್‌ಪ್ಲೇ ಆರಿಸಿ. ರೆಂಡರಿಂಗ್ ಭಾಗದಲ್ಲಿ 'ಯೂಸ್ 2ಡಿ ಗ್ರಾಫಿಕ್ಸ್ ಆಕ್ಸೆಲರೇಶನ್' ಎಂದಿದ್ದರೆ ಅದರ ಟಿಕ್ ತೆಗೆಯಿರಿ. ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಹಂಚುವ ಸೆಟ್ಟಿಂಗ್ ಇದೇ. ಕೆಲವು ಕಂಪ್ಯೂಟರ್‌ಗಳಲ್ಲಿ ಈ ಸಾಲೇ ಇರುವುದಿಲ್ಲ, ಗಾಬರಿ ಬೇಡ. ಓಕೆ ಒತ್ತಿ, ರೀಡರ್ ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಟ್ಯಾಬ್ ಬದಲಿಸಿ ನೋಡಿ.

ಇನ್ನೂ ಹಾಗೇ ಇದ್ದರೆ ಅದೇ ಜಾಗದಲ್ಲಿರುವ 'ಯೂಸ್ ಪೇಜ್ ಕ್ಯಾಶ್' ಟಿಕ್ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ತೆಗೆದುಬಿಟ್ಟರೆ ತಪ್ಪು ಯಾವುದರದ್ದು ಅಂತ ಕೊನೆಗೂ ತಿಳಿಯುವುದಿಲ್ಲ. ಕ್ಯಾಶ್ ತೆಗೆದ ಮೇಲೆ ಪುಟ ತಿರುಗಿಸುವುದು ತುಸು ನಿಧಾನವಾಗಬಹುದು. ಸರ್ವೆ ನಂಬರ್ ತಪ್ಪು ಓದುವುದಕ್ಕಿಂತ ಅದು ವಾಸಿ.

ಕ್ರೋಮ್‌ನಲ್ಲೇ ಪಿಡಿಎಫ್ ನೋಡುವವರು ಜಾಸ್ತಿ. ಅಲ್ಲಿ ಸೆಟ್ಟಿಂಗ್ಸ್, ಸಿಸ್ಟಂಗೆ ಹೋಗಿ ಗ್ರಾಫಿಕ್ಸ್ ಆಕ್ಸೆಲರೇಶನ್ ಆಫ್ ಮಾಡಿ, ರೀಲಾಂಚ್ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಜನರಲ್ ವಿಭಾಗದ ಪರ್ಫಾರ್ಮೆನ್ಸ್ ಅಡಿಯಲ್ಲಿ ಇಂಥದೇ ಸಾಲಿದೆ. ಅದರ ಮೇಲಿರುವ 'ಯೂಸ್ ರೆಕಮೆಂಡೆಡ್ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್' ಟಿಕ್ ತೆಗೆದರೆ ಅದು ಕಾಣಿಸುತ್ತದೆ.

ಪರದೆಯೇ ಪೂರ್ತಿ ಸಿಕ್ಕಿಕೊಂಡಿದೆಯೇ? ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಮಿನುಗಿ ಗ್ರಾಫಿಕ್ಸ್ ಡ್ರೈವರ್ ಮರುಚಾಲೂ ಆಗುತ್ತದೆ. ತೆರೆದಿರುವ ಫೈಲುಗಳು ಮುಚ್ಚಿಹೋಗುವುದಿಲ್ಲ. ಇದರಿಂದ ಸರಿಹೋದರೆ ಡ್ರೈವರ್ ಮೇಲೆಯೇ ಅನುಮಾನ. ಇಂಟೆಲ್, ಎಎಂಡಿ, ಎನ್ವಿಡಿಯಾ ಯಾವುದೇ ಇರಲಿ, ಆಯಾ ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಿಕೊಳ್ಳಿ. 'ಡ್ರೈವರ್ ಅಪ್‌ಡೇಟರ್' ಅಂತ ಜಾಹೀರಾತು ಕೊಡುವ ತಂತ್ರಾಂಶಗಳ ಸಹವಾಸ ಬೇಡವೇ ಬೇಡ.

ಸ್ಕ್ಯಾನ್ ಮಾಡಿದ ಕ್ರಯಪತ್ರದ ತೂಕ

ಇದೊಂದು ವಿಷಯ ಯಾರೂ ಲೆಕ್ಕ ಹಾಕುವುದಿಲ್ಲ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಪುಟದಲ್ಲಿ ಅಡ್ಡ 2480, ಉದ್ದ 3508 ಚುಕ್ಕಿಗಳಿರುತ್ತವೆ. ಒಂದೊಂದು ಚುಕ್ಕಿಗೆ 3 ಬೈಟ್. ಫೈಲಿನಲ್ಲಿ ಕುಗ್ಗಿಸಿ ಇಟ್ಟಿರುವುದರಿಂದ ಸಣ್ಣದಾಗಿ ಕಾಣುತ್ತದೆ. ಪರದೆಗೆ ತರಲು ಬಿಚ್ಚಿದಾಗ ಒಂದೇ ಪುಟ ಸುಮಾರು 26 ಎಂಬಿ ಆಗುತ್ತದೆ! ಇಂಥ ನಾಲ್ಕಾರು ಫೈಲು, ಜೊತೆಗೆ ಕ್ರೋಮ್, ವರ್ಡ್, ನುಡಿ. 4 ಜಿಬಿ ರ‍್ಯಾಮ್‌ನ ಹಳೇ ಸಿಸ್ಟಂ ಸುಸ್ತಾಗದೆ ಇನ್ನೇನು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಷ್ಟು ತುಂಬಿದೆ ನೋಡಿ. ಶೇಕಡಾ 90 ದಾಟಿದ್ದರೆ ಬೇಡದ್ದನ್ನು ಮುಚ್ಚಿ. ಮುಂದೆ ಸ್ಕ್ಯಾನ್ ಮಾಡುವಾಗ ಬರೀ ಅಕ್ಷರಗಳಿರುವ ಕಾಗದಕ್ಕೆ ಗ್ರೇಸ್ಕೇಲ್ (ಬಣ್ಣವಿಲ್ಲದ ಕಪ್ಪು-ಬೂದು) ಸಾಕು, ಆ ತೂಕ ಮೂರನೇ ಒಂದಕ್ಕೆ ಇಳಿಯುತ್ತದೆ.

ಇಂಥ ಹಳೇ ಕಂಪ್ಯೂಟರ್‌ಗಳಿಗೆ ಸುಮಾತ್ರಾ ಪಿಡಿಎಫ್ ಎಂಬ ರೀಡರ್ ಹಾಕಿಕೊಳ್ಳುವುದು ಒಳ್ಳೆಯದು. ಉಚಿತ, ತುಂಬಾ ಹಗುರ. ಫಾರ್ಮ್ ತುಂಬುವುದು, ಡಿಜಿಟಲ್ ಸಹಿ ಪರೀಕ್ಷಿಸುವುದು ಅದರಲ್ಲಿ ಆಗುವುದಿಲ್ಲ. ಓದುವುದಕ್ಕೆ ಸಾಕು.

ಇವು ಬೇರೆ ಕಾಯಿಲೆ

ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದಕ್ಕೂ ಟ್ಯಾಬಿಗೂ ಸಂಬಂಧವಿಲ್ಲ. ಹಳೇ ನುಡಿ, ಬರಹ ಫಾಂಟನ್ನು ಫೈಲಿನೊಳಗೆ ಸೇರಿಸದೆ ಪಿಡಿಎಫ್ ಮಾಡಿದ್ದಾರೆ ಅಷ್ಟೆ. ಅಡೋಬಿಯಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ ಫಾಂಟ್ಸ್ ನೋಡಿ. ಹೆಸರಿನ ಪಕ್ಕ 'ಎಂಬೆಡೆಡ್' ಎಂದಿರಬೇಕು. ಇಲ್ಲದಿದ್ದರೆ ಡಿಟಿಪಿ ಮಾಡಿದವರಿಂದಲೇ ಫಾಂಟ್ ಸೇರಿಸಿದ ಪ್ರತಿ ಕೇಳಿ. ಇ-ಆಧಾರ್‌ನಂಥ ಫೈಲುಗಳಲ್ಲಿ ಸಹಿಯ ಮೇಲೆ ಕಾಣುವ ಹಳದಿ ಪ್ರಶ್ನೆ ಗುರುತೂ ಪರದೆಯ ದೋಷವಲ್ಲ. ಆ ಸಹಿಯನ್ನು ರೀಡರ್ ಇನ್ನೂ ಪರಿಶೀಲಿಸಿಲ್ಲ ಎಂದು ಅರ್ಥ.

ಕಕ್ಷಿದಾರರು ಎದುರಿಗೇ ಕೂತಿದ್ದಾರೆ, ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅಂದರೆ ಟ್ಯಾಬ್ ಸಹವಾಸವನ್ನೇ ಬಿಡಿ. ಅಡೋಬಿ ರೀಡರ್‌ನ ಪ್ರಿಫರೆನ್ಸಸ್‌ನ ಜನರಲ್‌ನಲ್ಲಿ, ಡಾಕ್ಯುಮೆಂಟ್‌ಗಳನ್ನು ಒಂದೇ ಕಿಟಕಿಯ ಟ್ಯಾಬುಗಳಾಗಿ ತೆರೆಯುವ ಸಾಲಿನ ಟಿಕ್ ತೆಗೆದು, ರೀಡರ್ ಮುಚ್ಚಿ ತೆರೆದರೆ ಪ್ರತಿ ಫೈಲ್ ಬೇರೆ ಕಿಟಕಿಯಲ್ಲಿ ಬರುತ್ತದೆ. ವಿಂಡೋಸ್ ಕೀ ಜೊತೆ ಎಡ ಬಾಣ ಒತ್ತಿ ಪಹಣಿಯನ್ನು ಒಂದು ಕಡೆ ನಿಲ್ಲಿಸಿ, ಬಲ ಬಾಣ ಒತ್ತಿ ಇಸಿಯನ್ನು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಕಾಣುತ್ತವೆ, ಪದೇ ಪದೇ ಬದಲಿಸುವ ತಾಪತ್ರಯವೇ ಇರುವುದಿಲ್ಲ.