ಬ್ಯಾಕ್ಟೀರಿಯಾದ ಕ್ರೋಮೋಸೋಮ್ (ಅದರ ಡಿಎನ್‌ಎ) ನಕಲಾಗಿ, ಎರಡು ಪ್ರತಿಗಳು ಬೇರೆಯಾಗುವುದನ್ನು ಕಣ್ಣಾರೆ ನೋಡುವುದು ಹೇಗೆ?

ಇದಕ್ಕೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಇ. ಕೋಲಿ ಬ್ಯಾಕ್ಟೀರಿಯಾ ಬೇಡ, ಕಾಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. ಇ. ಕೋಲಿ ಬೇಗ ಬೆಳೆಯುವಾಗ ಒಂದು ನಕಲು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಎಲ್ಲ ಗೋಜಲು. ಕಾಲೋಬ್ಯಾಕ್ಟರ್‌ನಲ್ಲಿ ಕೋಶ ಒಮ್ಮೆ ಬೆಳೆದು ಎರಡಾಗುವಷ್ಟರಲ್ಲಿ ಒಂದೇ ನಕಲು.

ಕ್ರೋಮೋಸೋಮಿಗೆ ಅಂಟಿಕೊಳ್ಳುವ ಪಾರ್‌ಬಿ ಪ್ರೋಟೀನಿಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಸೇರಿಸಿದ ತಳಿ ಬೇಕು. ಅದೂ ಮೂಲ ಜೀನಿಗೇ ಸೇರಿರಬೇಕು, ಯಾಕಂದ್ರೆ ಪಾರ್‌ಬಿ ಮತ್ತು ಅದರ ಜೊತೆಗಾರ ಪ್ರೋಟೀನ್ ಪಾರ್‌ಎ ಪ್ರಮಾಣ ಏರುಪೇರಾದರೆ ನೀವು ನೋಡಬೇಕೆಂದಿರುವ ಕೆಲಸವೇ ಕೆಡುತ್ತದೆ.

ಕೋಶಗಳನ್ನು ಪರ್ಕಾಲ್‌ನಲ್ಲಿ (ಸಾಂದ್ರತೆಯ ಪ್ರಕಾರ ಕೋಶಗಳನ್ನು ಬೇರ್ಪಡಿಸುವ ದ್ರವ) ಸೆಂಟ್ರಿಫ್ಯೂಜ್ ಮಾಡಿ. ಇನ್ನೂ ನಕಲು ಶುರುಮಾಡದ, ಈಜುವ ಕೋಶಗಳು ಕೆಳಗಿನ ಪಟ್ಟಿಯಲ್ಲಿ ಸಿಗುತ್ತವೆ. ತೊಳೆದು, ಆಹಾರ ಬೆರೆಸಿದ ಅಗರೋಸ್ (ಜೆಲ್ಲಿಯಂಥ ವಸ್ತು) ಪದರದ ಮೇಲಿಡಿ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಆಗಾಗ ಚಿತ್ರ ತೆಗೆಯಿರಿ. ಬೆಳಕು ಕಡಿಮೆಯಿರಲಿ, ಜಾಸ್ತಿಯಾದರೆ ಕೋಶಗಳು ಬೆಳೆಯುವುದೇ ನಿಲ್ಲುತ್ತದೆ.

ಮೊದಲು ಕೋಶದ ಒಂದು ತುದಿಯಲ್ಲಿ ಒಂದೇ ಹೊಳೆಯುವ ಚುಕ್ಕೆ. ಅದು ನಕಲು ಶುರುವಾಗುವ ಜಾಗದ ಪಕ್ಕದ ಪಾರ್‌ಎಸ್ ಎಂಬ ಡಿಎನ್‌ಎ ತುಣುಕಿಗೆ ಅಂಟಿದ ಪಾರ್‌ಬಿ. ಆಮೇಲೆ ಎರಡಾಗುತ್ತದೆ. ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಪಾರ್‌ಎ ಜಾಡು ಹಿಡಿದು ಎದುರು ತುದಿಗೆ ಹೋಗುತ್ತದೆ, ಅಲ್ಲಿ ಪಾಪ್‌ಝಡ್ ಎಂಬ ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಆಗುವಾಗ ಉಳಿದ ಡಿಎನ್‌ಎ ಇನ್ನೂ ನಕಲಾಗುತ್ತಲೇ ಇರುತ್ತದೆ, ಅದ್ಭುತ ಅಲ್ವಾ!