60 ಇಂಚಿನ ಟೇಪು ಸಾಲದೇ ಹೋದಾಗ

ದರ್ಜಿಗಳ ಟೇಪು 60 ಇಂಚಿನದು. ದಾವಣಗೆರೆಯ ನನ್ನ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದನ್ನು ಕೊರಳಿಗೆ ಹಾಕಿಕೊಳ್ಳುವುದು 14 ವರ್ಷದ ಅಭ್ಯಾಸ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ ಮತ್ತು ಪಿಕೋ ನನ್ನ ಕಸುಬು. 2022ರ ದೀಪಾವಳಿಗೆ ನನಗೂ ಒಂದು ಚೂಡಿದಾರ್ ಹೊಲಿದುಕೊಳ್ಳೋಣ ಎಂದು ಸೀಟಿನ, ಅಂದರೆ ಪಿರ್ರೆಯ ಸುತ್ತಿನ, ಅಳತೆಗೆ ಟೇಪು ಸುತ್ತಿದೆ. ಎರಡು ತುದಿ ಕೂಡಲಿಲ್ಲ. ನಡುವೆ ಎರಡು ಬೆರಳಷ್ಟು ಜಾಗ ಉಳಿಯಿತು. ಎಲ್ಲೋ ಮಡಿಚಿಕೊಂಡಿರಬೇಕು ಎಂದು ಬಿಡಿಸಿ ಮತ್ತೆ ಸುತ್ತಿದೆ. ಆಗಲೂ ಅಷ್ಟೇ. ಓಣಿಯ ಹೆಂಗಸರಿಗೆಲ್ಲ ಸಾಲುವ ಟೇಪು ನನಗೆ ಸಾಲಲಿಲ್ಲ.

ಆಗ ನನಗೆ 39 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 124 ಕೆಜಿ. ತೂಕ ಇಷ್ಟಿದೆ ಎಂದು ಗೊತ್ತಾದದ್ದೂ ತಡವಾಗಿ. ಮನೆ ಹತ್ತಿರದ ಕ್ಲಿನಿಕ್ಕಿನ ತೂಕದ ಯಂತ್ರದಲ್ಲಿ 120ರಿಂದ ಮುಂದೆ ಅಂಕಿಯೇ ಇರಲಿಲ್ಲ. ಕೊನೆಗೆ ತೂಕ ಇಳಿಸಲು ಜಠರದ ಆಪರೇಷನ್ ಮಾಡಿಸಿಕೊಂಡೆ, ಅದರ ಕತೆ ಇದು.

ಮದುವೆಯಾದಾಗ 58 ಕೆಜಿ ಇದ್ದೆ. ಎರಡನೇ ಬಾಣಂತನ ಮುಗಿಯುವ ಹೊತ್ತಿಗೆ 84. ಆಮೇಲೆ ಥೈರಾಯ್ಡ್ ಬಂತು, ಅದರ ಹಿಂದೆಯೇ ಶುಗರ್. ಕೂತು ಮಾಡುವ ಕೆಲಸ. ಆದರೆ ಇಳಿಸಲು ನಾನು ಪ್ರಯತ್ನವೇ ಪಡಲಿಲ್ಲ ಎಂದು ಯಾರಾದರೂ ಅಂದರೆ ಈಗಲೂ ಸಂಕಟವಾಗುತ್ತದೆ. ಒಮ್ಮೆ ಅನ್ನ ಪೂರ್ತಿ ಬಿಟ್ಟು, ಬೆಳಗಿನ ಐದಕ್ಕೆ ಎದ್ದು ನಡೆದು, ಐದು ತಿಂಗಳಲ್ಲಿ 14 ಕೆಜಿ ಇಳಿಸಿದ್ದೆ. ಮುಂದಿನ ವರ್ಷ 17 ಕೆಜಿ ವಾಪಸು ಬಂತು. ಡಬ್ಬಿಯ ಪುಡಿ ಕುಡಿದೆ, ಜೇನು-ನಿಂಬೆ ಕುಡಿದೆ, ಸೋಮವಾರ ಶನಿವಾರ ಉಪವಾಸ ಮಾಡಿದೆ. ಪ್ರತಿ ಸಲವೂ ಇಳಿದದ್ದಕ್ಕಿಂತ ಹೆಚ್ಚು ಏರಿತು. ಅತ್ತೆಯವರು ಕಾಳಜಿಯಿಂದಲೇ ಹೇಳುತ್ತಿದ್ದರು, "ರಾತ್ರಿ ಊಟ ಬಿಡವ್ವ, ತಾನೇ ಕರಗ್ತೈತೆ." ಊಟ ಬಿಟ್ಟ ರಾತ್ರಿಗಳಲ್ಲಿ ನನಗೆ ಬರುತ್ತಿದ್ದ ಹಸಿವು ಎಂಥದು ಎಂದು ಅವರಿಗೆ ಹೇಗೆ ತಿಳಿಸಲಿ? ಕತ್ತಲಲ್ಲಿ ಅಡುಗೆಮನೆಯ ಡಬ್ಬಿಗಳು ಹೆಸರು ಹಿಡಿದು ಕರೆದಂತೆ ಆಗುತ್ತಿತ್ತು.

ಮದುವೆಮನೆಯ ಪಂಕ್ತಿಯಲ್ಲಿ ಒಮ್ಮೆ ಬಡಿಸುವ ಹುಡುಗ ಪಕ್ಕದವರಿಗೆಲ್ಲ ಎರಡನೇ ಹೋಳಿಗೆ ಹಾಕಿ, ನನ್ನ ಎಲೆ ಬಂದಾಗ "ನಿಮಗೆ ಬೇಡ ಅಲ್ವಾಕ್ಕ" ಎಂದು ಮುಂದೆ ಹೋದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆಮೇಲೆ ಎರಡು ವರ್ಷ ನಾನು ಯಾರ ಮದುವೆಗೂ ಊಟದ ಹೊತ್ತಿಗೆ ಹೋಗಲಿಲ್ಲ. ಛತ್ರದ ಪ್ಲಾಸ್ಟಿಕ್ ಕುರ್ಚಿ, ಬಸ್ಸಿನ ಇಬ್ಬರ ಸೀಟು, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ, ಬೇಸಿಗೆಯಲ್ಲಿ ಹೊಟ್ಟೆಯ ಮಡಿಕೆಯೊಳಗೆ ಏಳುವ ಹುಣ್ಣು. ದಪ್ಪ ಇರುವವರಿಗೆ ಇವೆಲ್ಲ ದಿನದ ಲೆಕ್ಕ. ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಇಷ್ಟಾದರೂ ಆಪರೇಷನ್ನಿನ ಮಾತು ಬಂದದ್ದು ಇದರಿಂದಲ್ಲ, ನಿದ್ದೆಯಿಂದ. ಹಗಲೆಲ್ಲ ತೂಕಡಿಕೆ. ಆ ನವೆಂಬರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬ್ಲೌಸಿನ ತೋಳು ಕೂಡಿಸುತ್ತಿದ್ದಾಗ ಕಣ್ಣು ಮುಚ್ಚಿತು. ಮೋಟರಿನ ಮಿಷನ್ನು, ಕಾಲು ಪೆಡಲಿನ ಮೇಲೇ ಇತ್ತು. ಸೂಜಿ ಎಡಗೈ ತೋರುಬೆರಳಿನ ಉಗುರನ್ನು ತೂರಿ ಕೆಳಗೆ ಬಂದಿತ್ತು. ದಾರವೂ ಅದರ ಜೊತೆಗೇ. ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿ ಎತ್ತಿ, ದಾರ ಕತ್ತರಿಸಿ, ಬೆರಳಿಗೆ ಲೈನಿಂಗ್ ಬಟ್ಟೆ ಸುತ್ತಿಕೊಂಡು ಹೋದೆ.

ಟಿಟಿ ಇಂಜೆಕ್ಷನ್ ಕೊಟ್ಟ ಡಾಕ್ಟರಮ್ಮ ನನ್ನ ಬೆರಳು ನೋಡಿದ್ದಕ್ಕಿಂತ ಮುಖ ನೋಡಿದ್ದೇ ಹೆಚ್ಚು. "ಗೊರಕೆ ಬರುತ್ತಾ? ರಾತ್ರಿ ಉಸಿರು ಕಟ್ಟಿದ ಹಾಗಾಗಿ ಎಚ್ಚರ ಆಗುತ್ತಾ?" ಎಂದು ಕೇಳಿದರು. ಬಿಪಿ ನೋಡಲು ದೊಡ್ಡ ಪಟ್ಟಿ ತರಿಸಿದರು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದಂತೆ. ಅದುವರೆಗೆ ಯಾರೂ ನನಗಾಗಿ ಪಟ್ಟಿ ಬದಲಿಸಿರಲಿಲ್ಲ. ಆಮೇಲೆ ಒಂದು ಮಾತು ಹೇಳಿದರು: "ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ. ಕಾಯಿಲೆ ಅಂದ ಮೇಲೆ ಔಷಧ ಇರಬೇಕಲ್ವಾ?"

ರಾತ್ರಿಯಿಡೀ ವೈರು ಅಂಟಿಸಿಕೊಂಡು ಮಲಗುವ ಪರೀಕ್ಷೆ ಮಾಡಿಸಿದರು. ಗಂಟೆಗೆ 62 ಸಲ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ಕಟ್ಟುತ್ತಿತ್ತು. 30 ದಾಟಿದರೇ ತೀವ್ರ ಎನ್ನುತ್ತಾರೆ. ಮೂರು ತಿಂಗಳ ಸರಾಸರಿ ಶುಗರಿನ ಲೆಕ್ಕ (ಎಚ್‌ಬಿಎ1ಸಿ) 9.1. ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ, 51. ನಮ್ಮ ದೇಶದವರಿಗೆ 25 ದಾಟಿದರೆ ಬೊಜ್ಜಿನ ಲೆಕ್ಕ.

ಇಳಿದ ತೂಕ ಯಾಕೆ ವಾಪಸು ಬರುತ್ತದೆ ಎಂದು ಮೊದಲ ಬಾರಿ ಬಿಡಿಸಿ ಹೇಳಿದ್ದೂ ಅವರೇ. ತೂಕ ಇಳಿದರೆ ದೇಹ ಅದನ್ನು ಬರಗಾಲ ಎಂದು ತಿಳಿಯುತ್ತದೆ. ಶಕ್ತಿಯ ಖರ್ಚು ಬಿಗಿ ಹಿಡಿಯುತ್ತದೆ, ಹಸಿವು ಏರಿಸುತ್ತದೆ. ಜಠರದ ಮೇಲ್ಭಾಗದಲ್ಲಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ತಯಾರಾಗುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದದ್ದು. ಪಥ್ಯ ಮಾಡಿ ಇಳಿಸಿದವರಲ್ಲಿ ಅದು ಮೊದಲಿಗಿಂತ ಹೆಚ್ಚಾಗುತ್ತದೆ. ಅದನ್ನು ಕೇಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆ ರಾತ್ರಿಗಳ ಹಸಿವು ನನ್ನ ಮನಸ್ಸಿನ ದೌರ್ಬಲ್ಯ ಆಗಿರಲಿಲ್ಲ.

ಮೊದಲು ಹೋದ ಆಸ್ಪತ್ರೆಯಲ್ಲಿ ಹತ್ತು ನಿಮಿಷಕ್ಕೆ ತಾರೀಖು ಕೊಟ್ಟರು. ಈ ತಿಂಗಳು ಮಾಡಿಸಿದರೆ 40 ಸಾವಿರ ಕಡಿಮೆ ಎಂದು ಕೌಂಟರಿನ ಹುಡುಗಿ ಹೇಳಿದಳು. ಬಾಯಿಂದ ಕ್ಯಾಮೆರಾ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ ಇಲ್ಲ, ನನ್ನ ಊಟದ ಬಗ್ಗೆ ಒಂದು ಪ್ರಶ್ನೆ ಇಲ್ಲ. ನಾನೇ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಎದ್ದು ಬಂದೆ.

ಎರಡನೆಯದು ಬೆಂಗಳೂರಿನಲ್ಲಿ. ಅಲ್ಲಿನ ಸರ್ಜನ್ ಹಾಳೆಯ ಮೇಲೆ ಜಠರದ ಚಿತ್ರ ಬರೆದರು. ಚೀಲದಂತೆ ಉಬ್ಬಿದ ಹೊರಬದಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಕಿರಿದಾದ ಕೊಳವೆಯಷ್ಟೇ ಉಳಿಸುತ್ತಾರೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ, ಗ್ರೆಲಿನ್ ಹುಟ್ಟುವ ಜಾಗವೂ ಅದರೊಂದಿಗೇ ಹೋಗುತ್ತದೆ. ಹೆಸರು ಸ್ಲೀವ್. ನಾನು ದಿನವೂ ಬ್ಲೌಸಿಗೆ ಇಡುವ ಸ್ಲೀವೇ! ಕತ್ತರಿಸುವ ಸಾಧನವೇ ಪಿನ್ನು ಹೊಡೆಯುತ್ತಾ ಹೋಗುತ್ತದೆ, ಕತ್ತರಿಸಿದ ಎರಡೂ ಕಡೆ ಮೂರು ಮೂರು ಸಾಲು. ದರ್ಜಿ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: "ಹೊಲಿಗೆ ಬಿಟ್ಟುಕೊಂಡರೆ ಏನು ಗತಿ ಸರ್?" ಅವರು ಮುಚ್ಚುಮರೆ ಮಾಡಲಿಲ್ಲ. ನೂರರಲ್ಲಿ ಒಬ್ಬರಿಗೆ ಸೋರಬಹುದು, ಆಗ ಮತ್ತೆ ಆಸ್ಪತ್ರೆ, ಕೆಲವೊಮ್ಮೆ ಮತ್ತೆ ಆಪರೇಷನ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಸಾವಿನ ಅಪಾಯ ಸಾವಿರದಲ್ಲಿ ಒಬ್ಬರಷ್ಟು. ಜಠರವನ್ನು ಚಿಕ್ಕದು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಬೈಪಾಸ್ ಎಂಬ ಇನ್ನೊಂದು ಬಗೆಯೂ ಇದೆ, ಶುಗರಿಗೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಬ್ಬಿಣಾಂಶ ಹೀರುವುದು ಅದರಲ್ಲಿ ಹೆಚ್ಚು ಕುಂದುತ್ತದೆ. ಮುಟ್ಟಿನ ತೊಂದರೆಯಿಂದ ನನ್ನ ಹಿಮೋಗ್ಲೋಬಿನ್ ಮೊದಲೇ ಕಡಿಮೆ, 9.8 ಇತ್ತು. ಸ್ಲೀವ್ ಮಾಡಿದರೆ ಹುಳಿತೇಗು ಹೆಚ್ಚಬಹುದು, ಆದರೆ ಎಂಡೋಸ್ಕೋಪಿಯಲ್ಲಿ ಹುಳಿತೇಗಿನ ಗಾಯಗಳು ಇರಲಿಲ್ಲ. ಹಾಗಾಗಿ ಸ್ಲೀವ್.

ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಚೆನ್ನಾಗಿರೋ ಹೊಟ್ಟೆ ಯಾಕೆ ಕೊಯ್ಸ್ಕೊಂತಿ?" ಎಂದರು ನಮ್ಮನೆಯವರು. ನಮ್ಮವ್ವ ಫೋನಿನಲ್ಲೇ ಅತ್ತಳು. ನಾನೂ ಒಂದೂವರೆ ತಿಂಗಳು ಅತ್ತ ಇತ್ತ ತೂಗಿದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ, ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ತೋರಿಸಿದ್ದನ್ನು ಡಾಕ್ಟರಮ್ಮ ಹೇಳಿದ್ದರು. ಅದೆಲ್ಲ ತಲೆಗೆ ಹೋಯಿತು, ಧೈರ್ಯ ಬರಲಿಲ್ಲ. ಒಂದು ರಾತ್ರಿ ಹತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿ ಮಲಗಿದ್ದವಳು ಹೇಳಿದಳು: "ಅಮ್ಮ, ನಿನ್ನ ಉಸಿರು ನಿಂತಾಗ ನಾನು ಎಣಿಸ್ತೀನಿ. ಇಪ್ಪತ್ತಾದ್ರೂ ಬರ್ಲಿಲ್ಲ ಅಂದ್ರೆ ನಿನ್ನ ಅಲ್ಲಾಡಿಸ್ತೀನಿ." ಎಷ್ಟು ದಿನದಿಂದ ಎಂದು ಕೇಳಿದೆ. "ಎಂಟನೇ ಕ್ಲಾಸಿಂದ" ಎಂದಳು. ಬೆಳಿಗ್ಗೆ ಎದ್ದು ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮನೆಯವರೂ ಮತ್ತೆ ಬೇಡ ಅನ್ನಲಿಲ್ಲ.

ದುಡ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ಒಟ್ಟು ಬಿಲ್ಲು 3 ಲಕ್ಷ 85 ಸಾವಿರ. ನಮ್ಮ ಕುಟುಂಬಕ್ಕೆ 2018ರಿಂದ ಆರೋಗ್ಯ ವಿಮೆ ಇತ್ತು. ಕಂಪನಿಯವರು ಮೊದಲು, ಇದು ಅಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ ಎಂದು ತಿರಸ್ಕರಿಸಿದರು. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ನಿಯಮವನ್ನು ಆಸ್ಪತ್ರೆಯ ವಿಮೆ ಡೆಸ್ಕಿನವರು ನನಗೆ ಓದಿ ಹೇಳಿದರು. ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ 06 ಎಂದು ಅಚ್ಚಾಗಿರುತ್ತದೆ. ಹೊರಗಿಡುವ ಪಟ್ಟಿಯಲ್ಲಿದ್ದರೂ ಅದರೊಳಗೇ ಒಂದು ಬಾಗಿಲಿದೆ: 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಅಥವಾ ಮೇಲಿರಬೇಕು, ಇಲ್ಲವೇ 35 ಅಥವಾ ಮೇಲಿದ್ದು ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ), ಹತೋಟಿಗೆ ಬಾರದ ಶುಗರ್ ಇಂಥವುಗಳಲ್ಲಿ ಒಂದಿದ್ದು, ಬೇರೆ ದಾರಿಗಳಿಂದ ತೂಕ ಇಳಿಯದೇ ಇದ್ದಿರಬೇಕು. ನಿದ್ದೆ ಪರೀಕ್ಷೆಯ ವರದಿ, ಹಳೆಯ ಡಯಟಿಷಿಯನ್ ಚೀಟಿಗಳು, ಐದು ವರ್ಷದ ತೂಕದ ಲೆಕ್ಕ ಎಲ್ಲ ಜೋಡಿಸಿ ಮತ್ತೆ ಕಳಿಸಿದೆ. ಮೂರು ವಾರದ ಮೇಲೆ 3 ಲಕ್ಷ 20 ಸಾವಿರ ಮಂಜೂರಾಯಿತು. ಹಳೇ ಚೀಟಿಗಳನ್ನು ಯಾರೂ ಎಸೆಯಬೇಡಿ.

ಆಪರೇಷನ್ನಿಗೆ ಮುಂಚೆ ಮನಃಶಾಸ್ತ್ರಜ್ಞೆಯೊಬ್ಬರು ನನ್ನೊಡನೆ ಒಂದು ಗಂಟೆ ಮಾತಾಡಿದರು. ಬೇಜಾರಾದಾಗ ಏನು ತಿನ್ನುತ್ತೀರಿ ಎಂದು ಕೇಳಿದರು. ರಾತ್ರಿ ಹನ್ನೊಂದಕ್ಕೆ, ಎಲ್ಲರೂ ಮಲಗಿದ ಮೇಲೆ, ಖಾರ ಮಂಡಕ್ಕಿ ಎಂದೆ. ಯಾರಿಗೂ ಹೇಳಿರಲಿಲ್ಲ. "ಮಂಡಕ್ಕಿ ಇರದಿದ್ರೆ ಆ ಹೊತ್ತಿನಲ್ಲಿ ಏನು ಮಾಡ್ತೀರಿ, ಈಗಲೇ ಯೋಚಿಸಿಟ್ಟುಕೊಳ್ಳಿ" ಎಂದರು. ಆಪರೇಷನ್ ಹೊಟ್ಟೆಗೆ ಆಗುತ್ತದೆ, ಬೇಜಾರು ಹಾಗೇ ಇರುತ್ತದೆ. ಅವರು ಹೇಳಿದ್ದು ಪೂರ್ತಿ ಅರ್ಥವಾದದ್ದು ಆಮೇಲೆ. ಈಗ ಆ ಹೊತ್ತಿಗೆ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತೇನೆ.

ಆಪರೇಷನ್ನಿಗೆ ಮುಂಚೆ ಆರು ವಾರ, ರಾತ್ರಿ ಉಸಿರು ಕಟ್ಟದಂತೆ ಮೂಗಿಗೆ ಗಾಳಿಯ ಯಂತ್ರ, ಕೊನೆಯ ಎರಡು ವಾರ ಅನ್ನ, ರೊಟ್ಟಿ, ಸಕ್ಕರೆ ಇಲ್ಲದ ಪಥ್ಯ. ಕೊಬ್ಬು ತುಂಬಿದ ಯಕೃತ್ತು ಜಠರದ ಮೇಲೆ ಹರಡಿಕೊಂಡಿರುತ್ತದೆ, ಅದು ಕುಗ್ಗಿದರೆ ಸರ್ಜನ್ನಿಗೆ ದಾರಿ ಸಿಗುತ್ತದೆ. 2023ರ ಜೂನ್‌ನಲ್ಲಿ 116 ಕೆಜಿಗೆ ಟೇಬಲ್ ಮೇಲೆ ಮಲಗಿದೆ. ಹೊಟ್ಟೆಯ ಮೇಲೆ ಐದು ಸಣ್ಣ ರಂಧ್ರ. ಅದೇ ಸಂಜೆ ಎಬ್ಬಿಸಿ ನಡೆಸಿದರು. ನೋವಿಗಿಂತ ಓಕರಿಕೆ ಹೆಚ್ಚು ಕಾಡಿತು.

ಮರುದಿನ ಔಷಧದ ಚಿಕ್ಕ ಲೋಟದಲ್ಲಿ 30 ಎಂಎಲ್ ನೀರು ಕೊಟ್ಟರು. ಅದನ್ನು ಮುಗಿಸಲು ಹದಿನೈದು ನಿಮಿಷ. ಒಂದು ಗುಟುಕು ಇಳಿಯುವುದು ಎದೆಯೊಳಗೆ ಗೊತ್ತಾಗುತ್ತಿತ್ತು. ಲೋಟ ಅರ್ಧವಾಗುವಾಗಲೇ ಹೊಟ್ಟೆ ತುಂಬಿತು. ಹೊಟ್ಟೆ ತುಂಬುವುದು ಅಂದರೆ ಹೀಗಿರುತ್ತದೆಯೇ ಎಂದು ನಾನು ಸುಮ್ಮನೆ ಕೂತೆ. ಎಷ್ಟೋ ವರ್ಷಗಳಿಂದ ನನಗೆ ಅದು ಸಿಕ್ಕಿರಲಿಲ್ಲ.

ಎರಡು ವಾರ ಮಜ್ಜಿಗೆ, ಬೇಳೆಕಟ್ಟು, ಪ್ರೋಟೀನ್ ಪುಡಿ. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟಿಸುವುದು ನನ್ನಂಥ ಸಸ್ಯಾಹಾರಿಗೆ ಸುಲಭವಲ್ಲ. ಮೊಳಕೆ ಹುರುಳಿ, ಮೊಸರು, ಪನೀರ್ ಮೊದಲು, ಉಳಿದದ್ದು ಆಮೇಲೆ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಏಳನೇ ವಾರ ಗಿರಾಕಿ ಕಾಯುತ್ತಿದ್ದಾರೆಂದು ಜೋಳದ ರೊಟ್ಟಿಯ ಚೂರನ್ನು ಸರಿಯಾಗಿ ಅಗಿಯದೆ ನುಂಗಿದೆ. ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತೆ ನೋವು, ಬಾಯಲ್ಲಿ ನೊರೆ, ಅಂಗಡಿ ಹಿಂದಿನ ಬಚ್ಚಲಲ್ಲಿ ವಾಂತಿ. ಅಂದಿನಿಂದ ಊಟದ ಹೊತ್ತಿಗೆ ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ನನಗೇ ಇಟ್ಟುಕೊಂಡಿದ್ದೇನೆ.

ನಾಲ್ಕನೇ ತಿಂಗಳು ಕೂದಲು ಹಿಡಿಹಿಡಿಯಾಗಿ ಬಂತು. ವೇಗವಾಗಿ ತೂಕ ಇಳಿದಾಗ ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರೂ ಬಾಚಣಿಗೆ ನೋಡಿ ಅತ್ತಿದ್ದೇನೆ. ಒಂಬತ್ತನೇ ತಿಂಗಳಿಂದ ಮತ್ತೆ ಹುಟ್ಟಿತು. ಹೊಟ್ಟೆ ಮತ್ತು ತೋಳಿನ ಚರ್ಮ ಜೋತುಬಿದ್ದಿದೆ, ಅದು ಹಾಗೇ ಇರುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಬದುಕಿರುವತನಕ. ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ.

ವರ್ಷ ತುಂಬಿದಾಗ 78 ಕೆಜಿ ಇದ್ದೆ. ಈಗ ಎರಡೂವರೆ ವರ್ಷ, 81. ಸ್ವಲ್ಪ ಏರುವುದು ಸಹಜ ಎನ್ನುತ್ತಾರೆ, ಆದರೂ ಪ್ರತಿ ಭಾನುವಾರ ತೂಕ ನೋಡಿ ಬರೆದಿಡುತ್ತೇನೆ. ಮೂರು ತಿಂಗಳ ಶುಗರಿನ ಲೆಕ್ಕ 5.9, ಅದಕ್ಕೆ ಒಂದೇ ಮಾತ್ರೆ. ಥೈರಾಯ್ಡ್ ಮಾತ್ರೆ ಹಾಗೇ ಇದೆ. ನಿದ್ದೆಯ ಮರುಪರೀಕ್ಷೆ ಮಾಡಿಸಿ ಗಾಳಿಯ ಯಂತ್ರ ವಾಪಸು ಕೊಟ್ಟೆ. ಮಗಳು ಈಗ ಬೇರೆ ಕೋಣೆಯಲ್ಲಿ ಮಲಗುತ್ತಾಳೆ.

ತೂಕ ಇಳಿಸುವ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದವು, ಇನ್ನು ಆಪರೇಷನ್ ಯಾಕೆ ಎಂದು ಕೇಳುತ್ತಾರೆ. ನನ್ನ ಕಾಲಕ್ಕೆ ಇದ್ದಿದ್ದರೆ ನಾನೂ ಮೊದಲು ಅದನ್ನೇ ಕೇಳುತ್ತಿದ್ದೆ. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ಬಹುಪಾಲು ವಾಪಸು ಬರುತ್ತದೆ, ತಿಂಗಳ ಖರ್ಚು ನಿಲ್ಲುವುದಿಲ್ಲ. ಯಾರಿಗೆ ಯಾವುದು ಎಂದು ವೈದ್ಯರ ಎದುರು ಕೂತು ಲೆಕ್ಕ ಹಾಕಬೇಕು.

ಕಳೆದ ವಾರ ಹರಿಹರದ ಕಡೆಯ ಒಬ್ಬರು ಬ್ಲೌಸ್ ಅಳತೆಗೆ ಬಂದಿದ್ದರು. ಟೇಪು ಸುತ್ತುವಾಗ ಉಸಿರು ಬಿಗಿ ಹಿಡಿದು ನಿಂತರು; ನಾನೂ ಹಾಗೇ ನಿಲ್ಲುತ್ತಿದ್ದೆ. ಪರದೆ ಎಳೆದ ಮೇಲೆ ಮೆಲ್ಲಗೆ, "ಅಕ್ಕ, ನೀವು ಎಲ್ಲಿ ಮಾಡಿಸ್ಕೊಂಡ್ರಿ?" ಎಂದರು. ಆಸ್ಪತ್ರೆ ಹೆಸರು ಆಮೇಲೆ ಹೇಳ್ತೀನಿ ಎಂದು, ಗೊರಕೆ ಬರುತ್ತಾ, ಶುಗರ್ ಎಷ್ಟಿದೆ, ಪಾಲಿಸಿ ಯಾವ ವರ್ಷದ್ದು ಎಂದು ಕೇಳಿದೆ. ಭಾನುವಾರ ಕಾಗದಪತ್ರ ತಗೊಂಡು ಬರುತ್ತಾರೆ. ನನ್ನ ಹಳೇ ಫೈಲನ್ನು ಕಟಿಂಗ್ ಟೇಬಲ್ಲಿನ ಡ್ರಾಯರಿನಿಂದ ತೆಗೆದಿಟ್ಟಿದ್ದೇನೆ.