ಮಂಡಿ ಊತಕ್ಕೆ ಲಕ್ಕಿ ಎಣ್ಣೆ: ನಾನು ಕಾಯಿಸುವ ಕ್ರಮ

ಮೂಡಿಗೆರೆ, ಸಕಲೇಶಪುರದ ಕಡೆ ಹಳ್ಳದ ದಂಡೆಯಲ್ಲೂ ಬೇಲಿಸಾಲಿನಲ್ಲೂ ಲಕ್ಕಿ ಗಿಡ ಬೇಕಾದಷ್ಟಿದೆ. ಒಂದೇ ತೊಟ್ಟಿಗೆ ಐದು ಎಲೆ, ಕೆಲವು ಕಡೆ ಮೂರು. ಎಲೆಯ ಅಡಿ ಬೂದಿ ಬಳಿದಂತೆ ಬಿಳಿಚು. ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ ಬರಬೇಕು. ಕಾಫಿ ತೋಟಕ್ಕೆ ತಾಗಿದ ಬೇಲಿಯ ಸೊಪ್ಪನ್ನು ಮಾತ್ರ ಮುಟ್ಟುವುದಿಲ್ಲ. ಮಳೆ ಹಿಡಿಯುವ ಮುಂಚೆ ಕಾಫಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಅದರ ಮೇಲೂ ಬಿದ್ದಿರುತ್ತದೆ, ಅದರಲ್ಲಿರುವ ತಾಮ್ರ ಎಣ್ಣೆಯನ್ನು ಬೇಗ ಕಮಟು ಹಿಡಿಸುತ್ತದೆ. ಕಲಾಯಿ ಹೋದ ತಾಮ್ರದ ಪಾತ್ರೆಯೂ ಇದೇ ಕಾರಣಕ್ಕೆ ಬೇಡ. ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು.

ಬಾವು ಬಂದ ಜಾಗದಲ್ಲಿ ನಡೆಯುವುದೇನು? ಪೆಟ್ಟಾದ ಜೀವಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಅಂಶ ಬಿಡುಗಡೆಯಾಗುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೋಸ್ಟಾಗ್ಲಾಂಡಿನ್ ಎಂಬ, ಬಾವು ಬರಿಸುವ ರಾಸಾಯನಿಕವಾಗುವ ದಾರಿಗೆ ಹಚ್ಚುತ್ತದೆ. ಅದರಿಂದ ರಕ್ತನಾಳ ಹಿಗ್ಗಿ ಜಾಗ ಕೆಂಪಾಗಿ ಬಿಸಿಯಾಗುತ್ತದೆ, ನೀರು ಜಿನುಗಿ ಊದುತ್ತದೆ, ನರ ಸೂಕ್ಷ್ಮವಾಗಿ ನೋಯುತ್ತದೆ. ಆಸ್ಪಿರಿನ್ ತಡೆಯುವುದು ಈ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ಎಂದು ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಲಕ್ಕಿ ಎಲೆಯ ಸಾರ ಇಲಿಗಳ ಪಾದದ ಊತವನ್ನು ಇಳಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಇಲಿಯ ಪಾದವೇ ಬೇರೆ, ಮನುಷ್ಯರ ಮಂಡಿಯೇ ಬೇರೆ. ಎಣ್ಣೆ ಹಚ್ಚಿದಾಗ ಸಿಗುವ ಆರಾಮದಲ್ಲಿ ತಿಕ್ಕುವ ಕೈಗೂ ಶಾಖಕ್ಕೂ ದೊಡ್ಡ ಪಾಲಿದೆ ಎಂದೇ ನನ್ನ ಲೆಕ್ಕ.

ಅಳತೆ ಆಯುರ್ವೇದದ ಹಳೇ ಗ್ರಂಥ ಶಾರ್ಙ್ಗಧರ ಸಂಹಿತೆಯದ್ದು. ಎಣ್ಣೆಗೆ ಬೆರೆಸುವ ದ್ರವ ಕಷಾಯವಾದರೆ ಕಲ್ಕ, ಅಂದರೆ ರುಬ್ಬಿದ ಮೂಲಿಕೆಯ ಮುದ್ದೆ, ಎಣ್ಣೆಯ ಆರನೇ ಒಂದು ಪಾಲು, ಕಷಾಯ ಎಣ್ಣೆಯ ನಾಲ್ಕರಷ್ಟು. ಅರ್ಧ ಲೀಟರ್ ಎಳ್ಳೆಣ್ಣೆಗೆ ನೆರಳಲ್ಲಿ ಒಣಗಿದ ಲಕ್ಕಿ ಎಲೆ ಒಂದು ಕೆಜಿ. ಅದನ್ನು ಪುಡಿ ಮಾಡಿ ಎಂಟು ಲೀಟರ್ ನೀರಲ್ಲಿ ಮುಚ್ಚಳವಿಲ್ಲದೆ ಕುದಿಸಿ ಎರಡು ಲೀಟರಿಗೆ ಇಳಿಸಿ ಸೋಸಬೇಕು. ಎಲೆಯನ್ನು ಏಪ್ರಿಲ್‌ನಲ್ಲೇ ಕೊಯ್ದು ಒಣಗಿಸಿಟ್ಟರೆ ವಾಸಿ. ಆಷಾಢದಲ್ಲಿ ಕೊಯ್ದರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಎಣ್ಣೆಗೆಲ್ಲ ಹೊಗೆ ವಾಸನೆ.

ಕಲ್ಕಕ್ಕೆ ಮಾತ್ರ ಹಸಿ ಎಲೆಯೇ ಆಗಬೇಕು: 75 ಗ್ರಾಂ, ಜೊತೆಗೆ 8 ಗ್ರಾಂ ಅರಿಸಿನ, ನುಣ್ಣಗೆ ರುಬ್ಬಿದ್ದು. ಕಷಾಯ ಕುದಿಯುವಾಗ ಎಲೆಯ ವಾಸನೆಯ ಅಂಶ ಆವಿಯಾಗಿ ಹೋಗುತ್ತದೆ. ಲಕ್ಕಿ ಎಲೆಯಲ್ಲಿರುವ, ನೀರಲ್ಲಿ ಕರಗುವ ನೆಗುಂಡೋಸೈಡ್‌ನಂಥ ಗ್ಲೈಕೋಸೈಡುಗಳು (ಸಕ್ಕರೆಯ ಅಂಶ ಸೇರಿದ ಸಂಯುಕ್ತಗಳು) ಎಣ್ಣೆಗೆ ಇಳಿಯುವುದು ಕಷ್ಟ, ಹೆಚ್ಚಿನದು ಗಸಿಯಲ್ಲೇ ಉಳಿಯುತ್ತದೆ. ಎಣ್ಣೆಗೆ ಸುಲಭವಾಗಿ ಸೇರುವುದು ಹಸಿ ಎಲೆಯ ಪರಿಮಳ ತೈಲ ಮತ್ತು ಅರಿಸಿನದ ಕರ್ಕ್ಯುಮಿನ್. ಹಾಗಾದರೆ ಕಷಾಯ ಯಾಕೆ? ನೀರಿರುವಷ್ಟು ಹೊತ್ತು ಪಾತ್ರೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಕಲ್ಕ ಹುರಿಯದೆ ಬೇಯುತ್ತದೆ.

ಎಣ್ಣೆ, ಕಲ್ಕ, ಕಷಾಯ ಮೂರನ್ನೂ ತಣ್ಣಗಿರುವಾಗಲೇ ಬೆರೆಸಿ ಒಲೆಗಿಡಿ. ಕಾದ ಎಣ್ಣೆಗೆ ಕಷಾಯ ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಉರಿ ಸಣ್ಣದಿರಲಿ, ಸೌಟು ತಳ ಮುಟ್ಟುತ್ತಿರಲಿ. ಮೊದಲು ದೊಡ್ಡ ಗುಳ್ಳೆ, ಕೊತಕೊತ ಸದ್ದು. ನೀರು ಮುಗಿಯುತ್ತ ಬಂದಂತೆ ಸದ್ದು ಅಡಗಿ ಸಣ್ಣ ನೊರೆ ಏಳುತ್ತದೆ. ಅಲ್ಲಿಂದ ಮುಂದೆ ಒಲೆ ಬಿಟ್ಟು ಕದಲಬಾರದು: ನೀರಿನ ತಡೆ ಇಲ್ಲವಾದ್ದರಿಂದ ಬಿಸಿ ಸರ್ರನೆ ಏರುತ್ತದೆ, ನಿಮಿಷಗಳಲ್ಲಿ ಕಲ್ಕ ಸೀಯುತ್ತದೆ. ಸೀದ ಎಣ್ಣೆಯನ್ನು ಸರಿಪಡಿಸುವ ದಾರಿಯಿಲ್ಲ, ಚೆಲ್ಲುವುದೇ.

ಹದ ನೋಡುವುದು ಬೆರಳಲ್ಲಿ. ತಳದ ಕಲ್ಕ ಸ್ವಲ್ಪ ತೆಗೆದು ಆರಿಸಿ ಹೊಸೆಯಿರಿ. ಬೆರಳಿಗೆ ಅಂಟಿದರೆ ನೀರಿದೆ. ಅಂಟದೆ ಬತ್ತಿಯಾದರೆ ಮಧ್ಯಮ ಪಾಕ. ಬತ್ತಿ ಗಟ್ಟಿಯಾಗಿ ಮುರಿಯುವಂತಾದರೆ ಖರಪಾಕ, ಮೈಗೆ ಹಚ್ಚುವ ಎಣ್ಣೆಗೆ ಶಾಸ್ತ್ರ ಹೇಳುವುದು ಅದನ್ನೇ. ನಾನು ಮಧ್ಯಮ ದಾಟಿದ ಕೂಡಲೇ ಇಳಿಸುತ್ತೇನೆ, ಇಳಿಸಿದ ಮೇಲೂ ಪಾತ್ರೆಯ ಬಿಸಿಗೆ ಬೇಯುತ್ತಿರುತ್ತದೆ. ಬತ್ತಿಯನ್ನು ಉರಿಗೆ ಹಿಡಿದಾಗ ಚಟಪಟ ಎಂದರೆ ಇನ್ನೂ ನೀರಿದೆ ಎಂದೇ ಅರ್ಥ.

ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಾನಾಗಿ ಇಳಿದದ್ದು ಒಂದು ಬಾಟಲಿಗೆ, ಹಿಂಡಿದ್ದು ಇನ್ನೊಂದಕ್ಕೆ. ಹಿಂಡಿದ್ದರಲ್ಲಿ ಗಸಿ ಇರುವುದರಿಂದ ಅದನ್ನು ಮೊದಲು ಮುಗಿಸಬೇಕು. ಗಾಜಿನ ಬಾಟಲಿ ಚೆನ್ನಾಗಿ ಒಣಗಿರಲಿ. ಕೊಬ್ಬರಿ ಎಣ್ಣೆಯಲ್ಲೂ ಮಾಡುವವರಿದ್ದಾರೆ. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಚಿಕ್ಕಮಗಳೂರಿನ ಚಳಿಯಲ್ಲಿ ಬಾಟಲಿಯಿಂದ ಇಳಿಯುವುದೇ ಇಲ್ಲ.

ಮೊದಲ ಸಲ ಮುಂಗೈಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ತುರಿಕೆಯೋ ಗುಳ್ಳೆಯೋ ಎದ್ದರೆ ಬೇಡ. ಹಳೇ ಮಂಡಿನೋವಿಗೆ ಒಂದು ಚಮಚ ಬೆಚ್ಚಗೆ ಮಾಡಿ ಹಚ್ಚಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ ಕೊಡುವುದು. ಉಳುಕಿದ ಮೊದಲೆರಡು ದಿನ ತಿಕ್ಕುವುದೂ ಬೇಡ, ಶಾಖವೂ ಬೇಡ, ಊತ ಹೆಚ್ಚುತ್ತದೆ. ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಸುಡುತ್ತಿದ್ದರೆ ಒಳಗೆ ಸೋಂಕಿರಬಹುದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿಕೊಂಡರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕುವುದು ಅಪಾಯ. ಎರಡಕ್ಕೂ ಅಂದೇ ಆಸ್ಪತ್ರೆ.

ಈ ಎಣ್ಣೆ ಕುಡಿಯಲಿಕ್ಕಲ್ಲ. ಒಳಗೆ ತೆಗೆದುಕೊಳ್ಳುವ ಮಾತು ಬಂದರೆ ಎಲ್ಲರ ಬಾಯಲ್ಲೂ ಅರಿಸಿನದ ಹಾಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಬಂದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಪಟ್ಟು ಏರಿತ್ತು. ಅರಿಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು. ಅಂದರೆ ಆ 2 ಗ್ರಾಂಗೆ ಅರಿಸಿನವೇ 65 ಗ್ರಾಂ ಬೇಕು. ಚಿಟಿಕೆ ಅರಿಸಿನ ಹಾಕಿದ ಹಾಲು ರುಚಿಗೆ ಸರಿ, ಮಂಡಿಗೆ ಔಷಧಿ ಎನ್ನಲಾರೆ. ಕರ್ಕ್ಯುಮಿನ್ ಗುಳಿಗೆ ನುಂಗುವವರು ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ, ಇಲ್ಲವೇ ಪಿತ್ತಕೋಶದಲ್ಲಿ ಕಲ್ಲಿದ್ದರೆ, ಡಾಕ್ಟರನ್ನು ಕೇಳದೆ ಶುರು ಮಾಡಬಾರದು.